ಸೆಮಿಯನ್ ಹೋದ ಬೇಸರ ಇರಲಿ, ಲೆಕ್ಕವನ್ನೂ ನೋಡೋಣ

ನಮಸ್ಕಾರ. ನೀವು ಕೇಳಿದ್ದು ಎರಡು ವಿಷಯ. ಬೇಸ್‌ಬಾಲ್‌ನ ಟೆಕ್ಸಸ್ ರೇಂಜರ್ಸ್ ತಂಡ ಮಾರ್ಕಸ್ ಸೆಮಿಯನ್‌ನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟು ಬ್ರ್ಯಾಂಡನ್ ನಿಮ್ಮೊನನ್ನು ತಂದದ್ದು ಲಾಭವೋ ನಷ್ಟವೋ? ಇನ್ನೊಂದು, ಚಳಿಗಾಲದಲ್ಲಿ ತಂಡಗಳು ದೊಡ್ಡ ಆಟಗಾರರನ್ನು ಕೊಳ್ಳುತ್ತವೆ, ಎಳೆ ಹುಡುಗರನ್ನು ಬಿಟ್ಟುಕೊಡುತ್ತವೆ. ಹೊರಗೆ ಕೂತ ನಾವು ಅದನ್ನು ಅಳೆಯುವುದು ಹೇಗೆ? ಕ್ರಿಕೆಟ್ ನೋಡಿ ಬೆಳೆದವನಿಗೆ ಇದೆಲ್ಲ ತಲೆಗೆ ಹತ್ತುತ್ತಿಲ್ಲ ಎಂದಿದ್ದೀರಿ. ನನಗೂ ಮೊದಲು ಹತ್ತಿರಲಿಲ್ಲ. ಡಲ್ಲಾಸ್ ಪಕ್ಕದ ಫ್ರಿಸ್ಕೊಗೆ ಬಂದ ಮೇಲೆ, ರೇಂಜರ್ಸ್‌ನ ಡಬಲ್-ಎ ತಂಡದ (ದೊಡ್ಡ ತಂಡಗಳ ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗೆ) ಮೈದಾನ ಮನೆಗೆ ಹತ್ತಿರ ಇತ್ತು ಅನ್ನೋ ಒಂದೇ ಕಾರಣಕ್ಕೆ ಅಂಟಿಕೊಂಡ ಚಟ ಇದು.

ಮೊದಲು ಐಪಿಎಲ್ ಹರಾಜಿನ ಕನ್ನಡಕ ತೆಗೆದಿಡಿ. ಅಲ್ಲಿ ಎಲ್ಲ ತಂಡದ ಕೈಯಲ್ಲೂ ಒಂದೇ ಮೊತ್ತ. ಒಬ್ಬನಿಗೆ ಜಾಸ್ತಿ ಸುರಿದರೆ ಉಳಿದವರಿಗೆ ಕಡಿಮೆ. ಬೇಸ್‌ಬಾಲ್‌ನಲ್ಲಿ ಅಂಥ ಕಟ್ಟುನಿಟ್ಟಿನ ಮಿತಿ ಇಲ್ಲ. ಒಂದು ಗೆರೆ ಇದೆ, 2025ರಲ್ಲಿ ಅದು 241 ಮಿಲಿಯನ್ ಡಾಲರ್. ದಾಟಿದರೆ ತೆರಿಗೆ ಕಟ್ಟಬೇಕು, ಅಷ್ಟೇ. ಆದ್ದರಿಂದ 'ಅಬ್ಬಾ, ಅವನಿಗೆ ಇಷ್ಟು ದುಡ್ಡಾ' ಅನ್ನುವುದರಲ್ಲಿ ಅರ್ಥವಿಲ್ಲ. ಅವನಿಂದ ಎಷ್ಟು ಗೆಲುವು ಜಾಸ್ತಿ ಬರುತ್ತದೆ, ಎಷ್ಟು ವರ್ಷ ಬರುತ್ತದೆ, ಅದನ್ನು ಕೇಳಿ.

ಗೆಲುವನ್ನು ಎಣಿಸಲು ವಾರ್ ಎಂಬ ಅಂಕಿ ಇದೆ. ಹೆಸರು ಕೇಳಿ ಹೆದರಬೇಡಿ. ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ತಂಡದಿಂದ ಯಾವಾಗ ಬೇಕಾದರೂ ಕನಿಷ್ಠ ಸಂಬಳಕ್ಕೆ ಕರೆಸಬಹುದಾದ ಒಬ್ಬ ಸಾಧಾರಣ ಆಟಗಾರನಿಗಿಂತ ಇವನು ಎಷ್ಟು ಪಂದ್ಯ ಹೆಚ್ಚು ಗೆಲ್ಲಿಸುತ್ತಾನೆ ಅನ್ನುವ ಲೆಕ್ಕ ಅದು. ಇಡೀ ತಂಡವನ್ನೇ ಅಂಥ ಸಾಧಾರಣದವರಿಂದ ಕಟ್ಟಿದರೆ 162 ಪಂದ್ಯದಲ್ಲಿ ಸುಮಾರು 48 ಗೆಲ್ಲುತ್ತದೆ ಎಂದು ಇಟ್ಟುಕೊಂಡಿದ್ದಾರೆ. ಪ್ಲೇಆಫ್‌ಗೆ 88, 90 ಬೇಕು ಅಂದುಕೊಳ್ಳಿ. ಅಂದರೆ ಇನ್ನು ನಲವತ್ತು ಗೆಲುವನ್ನು ಎಲ್ಲಿಂದಾದರೂ ಹುಡುಕಿ ತರಬೇಕು. ದಿನಾ ಆಡುವ ಸರಾಸರಿ ಆಟಗಾರ ವರ್ಷಕ್ಕೆ ಎರಡು ತರುತ್ತಾನೆ. ಆಲ್‌ಸ್ಟಾರ್ ಮಟ್ಟದವನು ನಾಲ್ಕೈದು. ಎಂವಿಪಿ, ಅಂದರೆ ವರ್ಷದ ಅತಿ ಮೌಲ್ಯದ ಆಟಗಾರನ ಮಟ್ಟದವನು ಏಳೆಂಟು. ಒಪ್ಪಂದ ಮುಗಿದು ಯಾವ ತಂಡಕ್ಕೆ ಬೇಕಾದರೂ ಹೋಗಬಲ್ಲ ಫ್ರೀ ಏಜೆಂಟ್‌ಗಳ ಮಾರುಕಟ್ಟೆಯಲ್ಲಿ ಒಂದು ಗೆಲುವಿಗೆ ಎಂಟು, ಒಂಬತ್ತು ಮಿಲಿಯನ್ ಎಂದು ಹಿಡಿಯಬಹುದು. ಸ್ಥೂಲ ಲೆಕ್ಕ, ಆದರೆ ಸಾಕು.

ಈಗ ಸೆಮಿಯನ್‌ಗೆ ಬನ್ನಿ. 2021ರ ಕೊನೆಯಲ್ಲಿ ರೇಂಜರ್ಸ್ ಅವನಿಗೆ 7 ವರ್ಷಕ್ಕೆ 175 ಮಿಲಿಯನ್ ಕೊಟ್ಟಿತು. ಆಗ ಅವನಿಗೆ 31. ಮೂವತ್ತೊಂದರ ಸೆಕೆಂಡ್ ಬೇಸ್‌ಮನ್‌ಗೆ ಏಳು ವರ್ಷವಾ ಎಂದು ನಾನೇ ನಾಲ್ಕು ಜನರ ಮುಂದೆ ನಕ್ಕಿದ್ದೆ. ಲೆಕ್ಕ ಹಾಕಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. 175 ಮಿಲಿಯನ್ ಅಂದರೆ ಸುಮಾರು ಇಪ್ಪತ್ತು ಗೆಲುವಿನ ಬೆಲೆ. ಮೊದಲ ಮೂರು ವರ್ಷದಲ್ಲೇ ಅವನು ಹದಿನೈದರ ಆಸುಪಾಸು ತಂದುಕೊಟ್ಟ. 2023ರಲ್ಲಿ ಒಂದು ಪಂದ್ಯವನ್ನೂ ಬಿಡದೆ 162ನ್ನೂ ಆಡಿದ, ಎಂವಿಪಿ ಮತದಲ್ಲಿ ಮೂರನೆಯವನಾದ. ಉದ್ದದ ಕಾಂಟ್ರ್ಯಾಕ್ಟ್ ಅಂದರೆ ಇಎಂಐ ಮೇಲೆ ಕಾರು ತಗೊಂಡಂತೆ. ಓಡಾಟದ ಸುಖ ಮೊದಲ ವರ್ಷಗಳಲ್ಲಿ, ಕಂತು ಮಾತ್ರ ಕೊನೆಯವರೆಗೂ ಒಂದೇ. ಆರನೇ ವರ್ಷದಲ್ಲಿ ಕಾರು ಹಳತಾಯಿತು ಎಂದು ಬೈದರೆ ಏನು ಪ್ರಯೋಜನ?

ನಿಮ್ಮೊ ವಿಷಯ. 2025ರ ಕೊನೆಯಲ್ಲಿ ಅದಲುಬದಲಾದಾಗ ಸೆಮಿಯನ್‌ಗೆ 35, ಒಪ್ಪಂದದಲ್ಲಿ ಇನ್ನು ಮೂರು ವರ್ಷ ಬಾಕಿ ಇತ್ತು. ನಿಮ್ಮೊಗೆ 32, ಐದು ವರ್ಷ ಬಾಕಿ ಇತ್ತು. 2025ರಲ್ಲಿ ರೇಂಜರ್ಸ್ ಪಿಚಿಂಗ್ (ನಮ್ಮ ಬೌಲಿಂಗ್ ಇದ್ದ ಹಾಗೆ) ಇಡೀ ಲೀಗ್‌ನಲ್ಲೇ ಮೊದಲು, ತಂಡದ ಇಆರ್‌ಎ 3.47. ಫೀಲ್ಡಿಂಗ್ ತಪ್ಪಿನ ರನ್ ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್‌ಗಳು ಕೊಟ್ಟ ರನ್ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಆದರೂ 81 ಗೆದ್ದು 81 ಸೋತರು. ರೋಗ ಎಲ್ಲಿದೆ ಗೊತ್ತಾಯ್ತಲ್ವಾ, ಬ್ಯಾಟಿನಲ್ಲಿ. ನಿಮ್ಮೊ ತಾಳ್ಮೆಯಿಂದ ವಾಕ್ (ನಾಲ್ಕು ಕೆಟ್ಟ ಎಸೆತ ಬಿಟ್ಟರೆ ಸಿಗುವ ಪುಕ್ಕಟೆ ಬೇಸ್) ಪಡೆದು ಬೇಸ್ ಸೇರುವವನು. ಸೆಮಿಯನ್‌ನ ಫೀಲ್ಡಿಂಗ್ ಕೈಚಳಕ ಇನ್ನೂ ಇದೆ, ಬ್ಯಾಟ್ ಇಳಿದಿದೆ. ನನ್ನ ಲೆಕ್ಕದಲ್ಲಿ ಮೊದಲ ಎರಡು ವರ್ಷ ರೇಂಜರ್ಸ್‌ಗೆ ಲಾಭ. ಕೊನೆಯ ಎರಡು ವರ್ಷ ಕಹಿ. ಅದು ಗೊತ್ತಿದ್ದೇ ಮಾಡಿದ್ದಾರೆ. ಕೆಟ್ಟ ವ್ಯಾಪಾರ ಅಲ್ಲ.

ಎಲ್ಲರೂ ಮರೆಯುವ ಇನ್ನೊಂದು ಸಂಗತಿ ಇದೆ. ಕೊಳ್ಳುವ ಮುಂಚೆ ತಂಡ ನಿಜಕ್ಕೂ ಎಲ್ಲಿ ನಿಂತಿತ್ತು? 2021ರಲ್ಲಿ ರೇಂಜರ್ಸ್ 60 ಗೆದ್ದು 102 ಸೋತಿತ್ತು. ಆ ಚಳಿಗಾಲದಲ್ಲಿ ಸೆಮಿಯನ್ ಜೊತೆಗೆ ಕೋರಿ ಸೀಗರ್‌ಗೆ 10 ವರ್ಷಕ್ಕೆ 325 ಮಿಲಿಯನ್, ಪಿಚರ್ ಜಾನ್ ಗ್ರೇಗೆ 4 ವರ್ಷಕ್ಕೆ 56 ಮಿಲಿಯನ್. ಒಟ್ಟು 556. ಮರುವರ್ಷ ಗೆದ್ದದ್ದು 68. ಅರ್ಧ ಬಿಲಿಯನ್ ಸುರಿದು ಎಂಟು ಗೆಲುವಾ ಎಂದು ಊರೆಲ್ಲ ನಕ್ಕಿತು. ಆದರೆ ರನ್ ಲೆಕ್ಕ ನೋಡಿ. ಅವರು ಹೊಡೆದದ್ದು 707, ಬಿಟ್ಟುಕೊಟ್ಟದ್ದು 743. ಅಂತರ ಬರೀ 36. ಹತ್ತು ರನ್‌ಗೆ ಒಂದು ಗೆಲುವು ಎಂಬ ಹಳೆಯ ಅಂದಾಜಿನಲ್ಲಿ ಅದು 77 ಗೆಲ್ಲಬೇಕಾದ ತಂಡ. ಒಂದೇ ರನ್‌ನಲ್ಲಿ ಮುಗಿದ ಪಂದ್ಯಗಳಲ್ಲಿ 15 ಗೆದ್ದು 35 ಸೋತಿತ್ತು. ಅಂಥ ಹಣೆಬರಹ ಪ್ರತಿ ವರ್ಷ ಬರುವುದಿಲ್ಲ. ಅಂದರೆ 2022ರ ಚಳಿಗಾಲದಲ್ಲಿ ಏಣಿ ಹಾಕಬೇಕಾಗಿದ್ದು 68ರಿಂದ ಅಲ್ಲ, 77ರಿಂದ. 2023ರಲ್ಲಿ 90 ಗೆದ್ದರು, ತಂಡದ ಚರಿತ್ರೆಯ ಮೊದಲ ವರ್ಲ್ಡ್ ಸೀರೀಸ್ (ಲೀಗ್‌ನ ಕೊನೆಯ ಫೈನಲ್) ಹೊಡೆದರು, ಸೀಗರ್ ಆ ಸೀರೀಸ್‌ನ ಎಂವಿಪಿ. ನಕ್ಕವರಲ್ಲಿ ನಾನೂ ಒಬ್ಬ, ಪಟಾಕಿ ಹೊಡೆದವರಲ್ಲೂ ನಾನೂ ಒಬ್ಬ.

ಅದೇ 2022ರ ಚಳಿಗಾಲದಲ್ಲಿ ಎಲ್ಲರ ಬಾಯಲ್ಲಿ ಇದ್ದದ್ದು ಪಿಚರ್ ಜೇಕಬ್ ಡಿಗ್ರಾಮ್. 5 ವರ್ಷ, 185 ಮಿಲಿಯನ್. ಅದೇ ತಿಂಗಳು ಇನ್ನೊಬ್ಬ ಪಿಚರ್ ನೇಥನ್ ಇಯೊವಾಲ್ಡಿಗೆ 2 ವರ್ಷಕ್ಕೆ 34 ಮಿಲಿಯನ್ ಕೊಟ್ಟದ್ದನ್ನು ಹೆಚ್ಚು ಜನ ಗಮನಿಸಲೇ ಇಲ್ಲ. ಡಿಗ್ರಾಮ್ 2021ರಲ್ಲಿ 15 ಪಂದ್ಯ, 2022ರಲ್ಲಿ 11 ಪಂದ್ಯ ಮಾತ್ರ ಶುರು ಮಾಡಿದ್ದ (ಅಂದರೆ ಪಂದ್ಯದ ಮೊದಲ ಪಿಚರ್ ಆಗಿ ಎಸೆದಿದ್ದ), ವಯಸ್ಸು 34. 2023ರಲ್ಲಿ ಆರು ಪಂದ್ಯ ಎಸೆದ ಮೇಲೆ ಮೊಣಕೈ ಹೋಯಿತು, ಆಪರೇಶನ್ ಆಯಿತು. ಇಯೊವಾಲ್ಡಿ ಆ ವರ್ಷದ ಪ್ಲೇಆಫ್‌ನಲ್ಲಿ ಒಂದೂ ಸೋಲದೆ ಐದು ಗೆದ್ದ. ಪಿಚರ್‌ಗಳನ್ನು ನೋಡುವಾಗ ಎಸೆತದ ವೇಗಕ್ಕಿಂತ ಹಿಂದಿನ ಎರಡು ವರ್ಷ ಎಷ್ಟು ಇನ್ನಿಂಗ್ಸ್ ಎಸೆದಿದ್ದಾನೆ ಅನ್ನುವುದನ್ನು ಮೊದಲು ನೋಡಿ. ಹಾಗಂತ ಡಿಗ್ರಾಮ್ ದಂಡ ಎಂದು ಅವಸರದಲ್ಲಿ ಬರೆಯಲೂ ಬೇಡಿ. 2025ರಲ್ಲಿ ಅದೇ ಮನುಷ್ಯ 30 ಪಂದ್ಯ ಶುರು ಮಾಡಿ ಇಆರ್‌ಎಯನ್ನು ಮೂರರ ಒಳಗೆ ಇಟ್ಟ.

ದುಡ್ಡಲ್ಲದೆ ಇನ್ನೊಂದು ಬೆಲೆಯೂ ಇದೆ. ಹಳೆ ತಂಡ ಕ್ವಾಲಿಫೈಯಿಂಗ್ ಆಫರ್ (ನಿಗದಿತ ಸಂಬಳಕ್ಕೆ ಇನ್ನೊಂದು ವರ್ಷ ಇರು ಎಂಬ ಕರೆ) ಕೊಟ್ಟು, ಆಟಗಾರ ಅದನ್ನು ಬೇಡ ಎಂದಿದ್ದರೆ, ಅವನನ್ನು ಕೊಂಡ ತಂಡ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವಾಗ, ಆಯ್ಕೆ ಕಳೆದುಕೊಳ್ಳುತ್ತದೆ. ಸೀಗರ್, ಸೆಮಿಯನ್ ಇಬ್ಬರಿಂದ ರೇಂಜರ್ಸ್‌ಗೆ 2022ರ ಎರಡನೇ, ಮೂರನೇ ಸುತ್ತಿನ ಆಯ್ಕೆಗಳು ಹೋದವು.

ಇನ್ನು ಪ್ರಾಸ್ಪೆಕ್ಟ್‌ಗಳು, ಅಂದರೆ ಮುಂದೆ ಬೆಳೆಯಬಹುದಾದ ಎಳೆ ಹುಡುಗರು. ನನಗೆ ಇಷ್ಟದ ಭಾಗ ಇದೇ. ಎಳೆ ಹುಡುಗನ ಬೆಲೆ ಅವನ ಪ್ರತಿಭೆಯಲ್ಲಿ ಮಾತ್ರ ಇಲ್ಲ, ನಿಯಮದಲ್ಲಿದೆ. ಮೇಜರ್ ಲೀಗ್‌ಗೆ ಬಂದ ಮೇಲೆ ಆರು ವರ್ಷ ಪೂರ್ತಿ ಆಗುವವರೆಗೆ ಅವನು ಆ ತಂಡದ ಹಿಡಿತದಲ್ಲಿ. ದೊಡ್ಡ ತಂಡದ ಆಟಗಾರರ ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ವರ್ಷ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, 2025ರಲ್ಲಿ ಅದು 7,60,000 ಡಾಲರ್. ಆಮೇಲೆ ಮೂರು ವರ್ಷ ಆರ್ಬಿಟ್ರೇಶನ್ (ಒಪ್ಪಿಗೆ ಆಗದಿದ್ದರೆ ಮಧ್ಯಸ್ಥರು ಸಂಬಳ ತೀರ್ಮಾನಿಸುತ್ತಾರೆ), ಸಂಬಳ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸುಮ್ನೆ ಒಂದು ಲೆಕ್ಕ ಮಾಡಿ. ಎರಡು ಗೆಲುವು ತರುವ ಸರಾಸರಿ ಹುಡುಗ. ಮಾರುಕಟ್ಟೆಯಲ್ಲಿ ಅದಕ್ಕೆ ಹದಿನಾರು ಹದಿನೇಳು ಮಿಲಿಯನ್. ಇವನಿಗೆ ಒಂದು ಮಿಲಿಯನ್ ಕೂಡ ಇಲ್ಲ. ಇಂಥ ಇಬ್ಬರು ಹುಡುಗರ ಉಳಿತಾಯದಲ್ಲೇ ಇನ್ನೊಬ್ಬ ಸೀಗರ್ ಬರುತ್ತಾನೆ. ಅದಕ್ಕೇ ತಂಡಗಳು ಹುಡುಗರನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದು.

ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು. ಪತ್ರಿಕೆಗಳು ಹಾಕುವ ನೂರು ಪ್ರಾಸ್ಪೆಕ್ಟ್‌ಗಳ ಪಟ್ಟಿ ನೋಡಿ 'ನಮ್ಮವನು 64ನೇಯವನು, ಅವರವನು 81' ಎಂದು ಜಗಳ ಆಡುವವರನ್ನು ನೋಡಿದ್ದೇನೆ. ಅದು ವ್ಯರ್ಥ. ಮೊದಲ ಹತ್ತಿಪ್ಪತ್ತು ಹೆಸರುಗಳಲ್ಲಿ ವ್ಯತ್ಯಾಸ ನಿಜಕ್ಕೂ ಇರುತ್ತದೆ, ಕೆಳಗೆ ಹೋದ ಹಾಗೆ ಎಲ್ಲರೂ ಒಂದೇ. ಸ್ಥಾನಕ್ಕಿಂತ ಸ್ಕೌಟ್‌ಗಳ 20ರಿಂದ 80ರ ಅಂಕ ನೋಡಿ. 50 ಅಂದರೆ ಮೇಜರ್ ಲೀಗ್ ಸರಾಸರಿ. ಜೊತೆಗೆ ವಯಸ್ಸು. ಇಪ್ಪತ್ತರ ಹುಡುಗ ಡಬಲ್-ಎಯಲ್ಲಿ ಸಾಧಾರಣವಾಗಿ ಆಡಿದರೂ ಇಪ್ಪತ್ತೈದರವನು ಅಲ್ಲಿ ಮೆರೆಯುವುದಕ್ಕಿಂತ ಮೇಲು. ಒಂದೇ ಅಂಕ ಇದ್ದರೆ ಪಿಚರ್‌ಗಿಂತ ಬ್ಯಾಟರ್‌ಗೆ ಬೆಲೆ ಜಾಸ್ತಿ, ಪಿಚರ್‌ನ ಕೈ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುತ್ತಾರಲ್ಲ, ಪಿಚರ್‌ಗಳ ವಿಷಯದಲ್ಲಿ ಆ ಮಾತು ಕೇಳಬೇಡಿ. ಜ್ಯಾಕ್ ಲೈಟರ್ 2021ರ ಡ್ರಾಫ್ಟ್‌ನಲ್ಲಿ ಎರಡನೆಯವನು. 2022ರಲ್ಲಿ ನಮ್ಮ ಫ್ರಿಸ್ಕೊದಲ್ಲೇ ಆಡಿದ. ಆ ಮೈದಾನದಲ್ಲಿ ಔಟ್‌ಫೀಲ್ಡ್ ಬೇಲಿ ಆಚೆ ಈಜುವ ಕಾಲುವೆ ಇದೆ, ಮಕ್ಕಳು ಟ್ಯೂಬ್ ಹಾಕಿಕೊಂಡು ತೇಲುತ್ತಿರುತ್ತಾರೆ. ಒಂದು ಸಂಜೆ ಅವರು ಅಲ್ಲಿ ತೇಲುತ್ತಿದ್ದರೆ ಇಲ್ಲಿ ಲೈಟರ್ ಒಬ್ಬರ ಹಿಂದೆ ಒಬ್ಬರಿಗೆ ವಾಕ್ ಕೊಡುತ್ತಿದ್ದ. ಆ ವರ್ಷ ಅವನ ಇಆರ್‌ಎ ಐದೂವರೆ. 2024ರಲ್ಲಿ ದೊಡ್ಡ ತಂಡಕ್ಕೆ ಹೋದಾಗ ಎಂಟರ ಮೇಲೆ. ನಾನು ಅವನ ಹೆಸರು ಹೊಡೆದು ಹಾಕಿದ್ದೆ. 2025ರಲ್ಲಿ ನಾಲ್ಕರೊಳಗೆ ಇಳಿಸಿಕೊಂಡು ಖಾಯಂ ಜಾಗ ಹಿಡಿದ.

ಇವಾನ್ ಕಾರ್ಟರ್ ಕತೆ ಇನ್ನೊಂದು ತರಹ. 2020ರಲ್ಲಿ ರೇಂಜರ್ಸ್ ಅವನನ್ನು ಎರಡನೇ ಸುತ್ತಿನಲ್ಲಿ ಕರೆದಾಗ ಬೇಸ್‌ಬಾಲ್ ಅಮೆರಿಕಾ ಪತ್ರಿಕೆಯ ಐನೂರರ ಪಟ್ಟಿಯಲ್ಲೂ ಹೆಸರಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ದೊಡ್ಡ ತಂಡಕ್ಕೆ ಬಂದ, ಅದೇ ಪ್ಲೇಆಫ್‌ನಲ್ಲಿ ಒಂಬತ್ತು ಡಬಲ್ (ಎರಡನೇ ಬೇಸ್‌ವರೆಗೆ ಓಡಿಸುವ ಹೊಡೆತ) ಹೊಡೆದು ದಾಖಲೆ ಮಾಡಿದ. ಮರುವರ್ಷ ಬೆನ್ನುನೋವು, ಅರ್ಧಕ್ಕರ್ಧ ಸೀಸನ್ ಕೂಡ ಆಡಲಿಲ್ಲ. ಅಡೋಲಿಸ್ ಗಾರ್ಸಿಯಾನನ್ನಂತೂ 2021ರ ಫೆಬ್ರುವರಿಯಲ್ಲಿ ಯಾವ ತಂಡ ಬೇಕಾದರೂ ಪುಕ್ಕಟೆ ಎತ್ತಿಕೊಳ್ಳಬಹುದಿತ್ತು. ಯಾರೂ ಎತ್ತಲಿಲ್ಲ! 2023ರ ಅಮೆರಿಕನ್ ಲೀಗ್ ಫೈನಲ್‌ನ ಎಂವಿಪಿ ಅವನೇ.

ಇನ್ನು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ಟ್ರೇಡ್. 2023ರ ಜೂನ್ 30. ಕ್ಯಾನ್ಸಸ್ ಸಿಟಿ ರಾಯಲ್ಸ್ ತಂಡ ಪಿಚರ್ ಅರೋಲ್ಡಿಸ್ ಚಾಪ್‌ಮನ್‌ನನ್ನು ಒಂದೇ ವರ್ಷಕ್ಕೆ, 3.75 ಮಿಲಿಯನ್‌ಗೆ ಕೊಂಡಿತ್ತು. ಅವನನ್ನು ನಮಗೆ ದಾಟಿಸಿ ನಮ್ಮ ಪಿಚರ್ ಕೋಲ್ ರೇಗನ್ಸ್‌ನನ್ನು ತೆಗೆದುಕೊಂಡಿತು. ರೇಗನ್ಸ್‌ಗೆ ಆಗ 25, ಮೊಣಕೈಗೆ ಎರಡು ಸಲ ಆಪರೇಶನ್ ಆಗಿತ್ತು. ಅಂಥವನು 2024ರಲ್ಲಿ ಆಲ್‌ಸ್ಟಾರ್, ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಲ್ಲಿ ನಾಲ್ಕನೆಯವನು. ರಾಯಲ್ಸ್‌ನವರಿಗೆ ಜಾಕ್‌ಪಾಟ್. ಆದರೂ ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಗೆಲುವಿನ ಬೆಲೆ ಎಲ್ಲ ಕಡೆ ಒಂದೇ ಅಲ್ಲ. 70ರಲ್ಲಿರುವ ತಂಡ 71 ಗೆದ್ದರೆ ಯಾರಿಗೂ ಏನೂ ಆಗದು. 89ರಿಂದ 90ಕ್ಕೆ ಹೋಗುವ ಒಂದು ಗೆಲುವು ಅಕ್ಟೋಬರ್ ಆಡಿಸುತ್ತದೆ. ರೇಂಜರ್ಸ್ ಆ ಜಾಗದಲ್ಲಿತ್ತು, ರಾಯಲ್ಸ್ ಆ ವರ್ಷ 106 ಸೋತಿತ್ತು. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿ.

ಅದೇ ರಾಯಲ್ಸ್ ಮುಂದಿನ ಚಳಿಗಾಲದಲ್ಲಿ ಪಿಚರ್‌ಗಳಾದ ಸೆತ್ ಲೂಗೊಗೆ 3 ವರ್ಷಕ್ಕೆ 45 ಮಿಲಿಯನ್, ಮೈಕಲ್ ವಾಕಾಗೆ 2 ವರ್ಷಕ್ಕೆ 32 ಮಿಲಿಯನ್ ಕೊಟ್ಟಿತು. ಬ್ಯಾಟರ್ ಹಂಟರ್ ರೆನ್‌ಫ್ರೋಗೆ ಕೊಟ್ಟ 13 ಮಿಲಿಯನ್ ಅಷ್ಟೇನೂ ಫಲ ಕೊಡಲಿಲ್ಲ. 2024ರಲ್ಲಿ 86 ಗೆದ್ದು ಪ್ಲೇಆಫ್‌ಗೆ ಬಂತು, ಲೂಗೊ ಸೈ ಯಂಗ್‌ನಲ್ಲಿ ಎರಡನೆಯವನು. ದೊಡ್ಡ ಹೆಸರು ಒಂದೂ ಇರಲಿಲ್ಲ. ಬಾಬಿ ವಿಟ್ ಜೂನಿಯರ್ ಅನ್ನುವ ಮನೆಯ ಹುಡುಗ ಇದ್ದ, ಅವನ ಸುತ್ತ ಸರಾಸರಿಯವರನ್ನು ತುಂಬಿಸಿದರು.

ನಾನು ಮಾಡುವುದು ಇಷ್ಟು. ಒಪ್ಪಂದ ಆದ ದಿನವೇ, ಬೇರೆಯವರ ವಿಮರ್ಶೆ ಓದುವ ಮುಂಚೆ, ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆಯುತ್ತೇನೆ: ಆ ಜಾಗದಲ್ಲಿ ಇಲ್ಲದಿದ್ದರೆ ಯಾರು ಆಡುತ್ತಿದ್ದರು, ಇವನು ಎಷ್ಟು ಗೆಲುವು ಹೆಚ್ಚು ತರಬಹುದು, ಯಾವ ವರ್ಷದಿಂದ ಇಳಿಯಬಹುದು. ಹುಡುಗರನ್ನು ಕೊಟ್ಟಿದ್ದರೆ ಅವರ ವಯಸ್ಸು, ಯಾವ ಮಟ್ಟ, 40 ಜನರ ಪಟ್ಟಿಯಲ್ಲಿ (ಬೇರೆ ತಂಡ ಎತ್ತಿಕೊಳ್ಳದಂತೆ ಹುಡುಗನನ್ನು ಕಾಪಾಡುವ ಪಟ್ಟಿ) ಇದ್ದಾರಾ ಅನ್ನುವುದನ್ನೂ. ಪಟ್ಟಿಗೆ ಸೇರಿಸಲೇಬೇಕಾದ ಗಡುವು ಹತ್ತಿರ ಬಂದು, ಅಲ್ಲಿ ಜಾಗ ಇಲ್ಲದಿದ್ದರೆ ಅಂಥ ಹುಡುಗನನ್ನು ಉಳಿಸಿಕೊಳ್ಳುವುದು ತಂಡಕ್ಕೆ ಹೇಗೂ ಕಷ್ಟವಿತ್ತು. ಅವನನ್ನು ಕೊಟ್ಟದ್ದು ಅಂಥ ತ್ಯಾಗ ಅಲ್ಲ.

ನಿಮ್ಮೊ ಬಗ್ಗೆ ನನ್ನ ಪುಟದಲ್ಲಿ 'ಎರಡು ವರ್ಷ ಒಳ್ಳೆಯದು, 2029ರಲ್ಲಿ ಬೈಗುಳ' ಎಂದಿದೆ. ನೀವು ಫಾಲೋ ಮಾಡುವ ತಂಡ ಯಾವುದು ಎಂದು ಹೇಳಲಿಲ್ಲ. ಈ ಚಳಿಗಾಲದಲ್ಲಿ ಅವರು ಯಾರನ್ನು ತಂದರು, ಯಾರನ್ನು ಬಿಟ್ಟರು ಎಂದು ಇಲ್ಲೇ ಹಾಕಿ, ಒಂದೊಂದಾಗಿ ಕೂತು ಲೆಕ್ಕ ಹಾಕೋಣ.