ಸ್ಪಿರಿಟ್ ಹಚ್ಚುವ ಮುಂಚೆ ಕೇಳಬಾರದಿತ್ತೇ?

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ 78ರ ಪ್ಲೇಟುಗಳು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ಪ್ಲೇಟುಗಳು ಸಿಕ್ಕವು. ಆನ್‌ಲೈನ್‌ನಲ್ಲಿ ಸೂಟ್‌ಕೇಸಿನಂತೆ ಮುಚ್ಚುವ ರೆಕಾರ್ಡ್ ಪ್ಲೇಯರ್ ತರಿಸಿದೆ, 78ರ ಸ್ವಿಚ್ಚೂ ಇದೆ. ಸ್ಪಿರಿಟ್‌ನಿಂದ ಒರೆಸಿದರೆ ಬಟ್ಟೆಯೆಲ್ಲ ಕಪ್ಪಾಯಿತು. ಹಾಕಿದರೆ ಬರೀ ಕರಕರ. ಯಂತ್ರ ಕೆಟ್ಟಿದೆಯೇ? – ಸಿರುಗುಪ್ಪದ ಓದುಗರು

ಉತ್ತರ: ಇಂಥದೇ ಪತ್ರ ಈ ತಿಂಗಳಲ್ಲಿ ಇದು ನಾಲ್ಕನೆಯದು. ಯಂತ್ರ ಕೆಟ್ಟಿಲ್ಲ ಸ್ವಾಮಿ, ಪ್ಲೇಟು ಕೆಡಿಸಿದ್ದೀರಿ. ಅದು ಅರಗಿನದು. ಬಡಗಿಗಳು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಬಾಗಿಲಿಗೆ ಪಾಲಿಶ್ ಹೊಡೆಯುತ್ತಾರೆ. ನಿಮ್ಮ ಬಟ್ಟೆಗೆ ಹತ್ತಿದ ಕಪ್ಪಿನಲ್ಲಿ ಅಜ್ಜನ ಹಾಡೂ ಸ್ವಲ್ಪ ಹೋಗಿದೆ.

ಆ ಸ್ವಿಚ್ಚು ತಿರುಗುವ ವೇಗವನ್ನಷ್ಟೇ ಬದಲಿಸುತ್ತದೆ. ಮುಳ್ಳು ಅದೇ ಇರುತ್ತದೆ. 1948ರಲ್ಲಿ ಎಲ್‌ಪಿ, ಅಂದರೆ ನಿಧಾನ ತಿರುಗಿ ಹೆಚ್ಚು ಹೊತ್ತು ಹಾಡುವ ಪ್ಲಾಸ್ಟಿಕ್ ಪ್ಲೇಟು ಬಂದಾಗ ಗೆರೆ ಸಣ್ಣದಾಯಿತು. 78ರ ಗೆರೆಗೆ ಬೇಕಾದ ಮುಳ್ಳಿನ ತುದಿ ಸುಮಾರು ಮೂರು ಪಟ್ಟು ದಪ್ಪ. ಎಲ್‌ಪಿ ಮುಳ್ಳು ಆ ಅಗಲ ಗೆರೆಯಲ್ಲಿ ಗೋಡೆ ಬಿಟ್ಟು ತಳಕ್ಕಿಳಿದು, ಅಲ್ಲಿ ಕೂತ ದೂಳನ್ನು ಹಾಡಿಸುತ್ತದೆ. ನಿಮ್ಮ ಯಂತ್ರಕ್ಕೆ 78ರ ಮುಳ್ಳು ಬೇರೆ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಈ ಪ್ಲೇಟುಗಳ ಮಟ್ಟಿಗೆ ಅದು ಬರೀ ಸೂಟ್‌ಕೇಸ್.

ಉಳಿದ ಪ್ಲೇಟುಗಳಿಗೆ ತಣ್ಣೀರು, ಒಂದೇ ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬ್ರಷ್. ಗೆರೆಯ ಜೊತೆಗೇ ಸುತ್ತಿಸಿ, ಅಡ್ಡ ಉಜ್ಜಬೇಡಿ. ನಡುವಿನ ಲೇಬಲ್‌ಗೆ ನೀರು ಸೋಕದಿರಲಿ. ನೆರಳಲ್ಲಿ ಒಣಗಿಸಿ ನೆಟ್ಟಗೆ ನಿಲ್ಲಿಸಿ.

ಹಿಂದೆ ಇಷ್ಟನ್ನು ಬ್ರೂಸ್‌ಪೇಟೆಯ ನನ್ನ ರೆಕಾರ್ಡ್ ಅಂಗಡಿಯ ಕೌಂಟರಿನಲ್ಲಿ ನಿಂತು ಕೇಳುತ್ತಿದ್ದರು. ತೆಲುಗು, ಕನ್ನಡ, ಹಿಂದಿ ಮೂರನ್ನೂ ಇಟ್ಟಿರಬೇಕಿತ್ತು, ಬಳ್ಳಾರಿಯಲ್ಲವೇ. ಹಾಕಿ ಕೇಳಿಸದೆ ಒಂದನ್ನೂ ಕಟ್ಟಿ ಕೊಟ್ಟವನಲ್ಲ. ಆನ್‌ಲೈನ್‌ನವರನ್ನೇ ಬೈಯಲಾರೆ, ಕ್ಯಾಸೆಟ್ ಬಂದಾಗಲೇ ನಮಗೆ ಅರ್ಧ ಜೀವ ಹೋಗಿತ್ತು, ಮೆಮೊರಿ ಕಾರ್ಡಿಗೆ ಹಾಡು ತುಂಬುವವರು ಮುಕ್ಕಾಲು ಮುಗಿಸಿದರು. ಆದರೂ ಒಬ್ಬ ಹುಡುಗನನ್ನು ಮರೆತಿಲ್ಲ. ಅರ್ಧ ಗಂಟೆ ಕೂತು ಎಲ್‌ಪಿ ಕೇಳಿ, ಕವರಿನ ಫೋಟೊ ಹೊಡೆದು, "ಆನ್‌ಲೈನ್‌ನಾಗ ಕಡಿಮಿ ಐತ್ರೀ" ಅಂತ ಎದ್ದು ಹೋದ. ಹದಿನೈದು ದಿನಕ್ಕೆ ಅದೇ ಎಲ್‌ಪಿ ಹಪ್ಪಳದಂತೆ ಸೊಟ್ಟಗಾಗಿ ಕೈಯಲ್ಲಿ. "ನೆಟ್ಟಗ ಮಾಡಿ ಕೊಡ್ರೀ ಕಾಕಾ." ಮೇ ತಿಂಗಳ ಬಿಸಿಲಲ್ಲಿ ಪಾರ್ಸಲ್ ಎಲ್ಲಿ ಬಿದ್ದಿತ್ತೋ.

ಪ್ರಶ್ನೆ: ಎರಡು ಗಾಜಿನ ನಡುವೆ ಬಿಸಿಲಿಗಿಟ್ಟರೆ ಸೊಟ್ಟ ಎಲ್‌ಪಿ ಸರಿಹೋಗುತ್ತದಂತೆ, ವಿಡಿಯೊದಲ್ಲಿ ನೋಡಿದೆ. – ರಾಯಚೂರಿನ ಓದುಗರು

ಉತ್ತರ: ರಾಯಚೂರಿನ ಬಿಸಿಲಲ್ಲೇ? ಗೆರೆಯೇ ಮೆತ್ತಗಾಗುತ್ತದೆ. ಆ ವಿಡಿಯೊ ಮಾಡಿದವನ ಎಲ್‌ಪಿಯನ್ನು ಅವನೇ ಇಟ್ಟುಕೊಳ್ಳಲಿ.

ಪ್ರಶ್ನೆ: ಕೀಲಿ ಕೊಡುವ ಗ್ರಾಮಫೋನಿನಲ್ಲಿ ಎಲ್‌ಪಿ ಹಾಕಬಹುದೇ?

ಉತ್ತರ: ಒಮ್ಮೆ ಹಾಕಬಹುದು. ಎರಡನೇ ಸಲಕ್ಕೆ ಹಾಡು ಉಳಿದಿರುವುದಿಲ್ಲ.

ಪ್ರಶ್ನೆ: ನಾಯಿ ಗುರುತಿನ (ಎಚ್‌ಎಂವಿ ಕಂಪನಿಯ) ಪ್ಲೇಟಿಗೆ ಲಕ್ಷಗಟ್ಟಲೆ ಕೊಡುತ್ತಾರಂತೆ, ಮೊದಲು ನೋಂದಣಿಗೆ ಎರಡು ಸಾವಿರ ಕಟ್ಟಬೇಕಂತೆ.

ಉತ್ತರ: ಕಟ್ಟಬೇಡಿ. ಕೊಳ್ಳುವವನು ನಿಮ್ಮಿಂದಲೇ ಏಕೆ ದುಡ್ಡು ಕೇಳುತ್ತಾನೆ?

ಪ್ರಶ್ನೆ: ನಿಮ್ಮ ಅಂಗಡಿಗೆ ಭಾನುವಾರ ಬರಬಹುದೇ?

ಉತ್ತರ: ಅಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಮನೆಗೆ ಬನ್ನಿ, ಹಳೇ ಮುಳ್ಳು ಬಿಚ್ಚಿಕೊಂಡು ಬನ್ನಿ. ಫೋಟೊ ತೋರಿಸಬೇಡಿ.