ಭಾಷೆ ದೂರ, ಬೇಲಿ ಹತ್ತಿರ

ತಿಪಟೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರನ್ನೂ ಸೇರಿಸಿ 'ಬಾಲ್ಟಿಕ್ ಭಾಷೆಯಾಡುವ ಮೂವರು ಒಡಹುಟ್ಟಿದವರು' ಎಂದಿದ್ದೀರಿ. ಎಸ್ಟೋನಿಯನ್ ಬಾಲ್ಟಿಕ್ ಭಾಷೆಯೇ ಅಲ್ಲ, ಫಿನ್ನಿಶ್ ಕಡೆಯದು. ಭಾಷೆಯೇ ಬೇರೆಯಾದ ಮೇಲೆ ಸಂಸ್ಕೃತಿ ಹೇಗೆ ಒಂದಾದೀತು? ಎಸ್ಟೋನಿಯಾವನ್ನು ಫಿನ್ಲೆಂಡ್ ಪಕ್ಕ ಕೂರಿಸಿ, ಲಾಟ್ವಿಯಾವನ್ನು ಲಿಥುವೇನಿಯಾ ಪಕ್ಕ. ಲೆಕ್ಕ ಸರಿಹೋಗುತ್ತದೆ."

ಮೇಷ್ಟ್ರೇ, ನಮಸ್ಕಾರ.

ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ಆ ಸಾಲು ಲೇಖಕರದಲ್ಲ, ನನ್ನದು. ಅಚ್ಚಿಗೆ ಕಳಿಸುವ ಗಡಿಬಿಡಿಯಲ್ಲಿ ನಾನೇ ಸೇರಿಸಿದ್ದು. ಬಾಲ್ಟಿಕ್ ಎಂಬುದು ಸಮುದ್ರದ ಹೆಸರೂ ಹೌದು, ಭಾಷಾ ಕುಟುಂಬದ ಹೆಸರೂ ಹೌದು. ಎರಡನ್ನೂ ಕಲಸಿಬಿಟ್ಟೆ.

ಭಾಷೆಯ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಬೆಂಕಿಗೆ ಲಿಥುವೇನಿಯಾದಲ್ಲಿ 'ಉಗ್ನಿಸ್', ಲಾಟ್ವಿಯಾದಲ್ಲಿ 'ಉಗುನ್ಸ್'. ನಮಗೆ ಥಟ್ಟನೆ ಅಗ್ನಿ ನೆನಪಾಗುತ್ತದೆ, ಅಲ್ವಾ? ಅದು ಕಾಕತಾಳೀಯವೂ ಅಲ್ಲ, ಸಂಸ್ಕೃತದ ಜೊತೆ ಅವಕ್ಕೆ ನಿಜವಾದ ದೂರದ ನೆಂಟಸ್ತಿಕೆ ಇದೆ. ಹೊಗೆಗೆ 'ದೂಮಾಯ್', 'ದೂಮಿ'. ದೇವರಿಗೆ 'ದಿಯೆವಸ್', 'ದಿಯೆವ್ಸ್'. ಎಸ್ಟೋನಿಯಾಕ್ಕೆ ಕಾಲಿಟ್ಟರೆ ಬೆಂಕಿ 'ತುಲಿ' ಆಗುತ್ತದೆ. ಸಮುದ್ರ ದಾಟಿ ಫಿನ್ಲೆಂಡಿಗೆ ಹೋದರೂ 'ತುಲಿ'ಯೇ.

ಆದರೆ ನಿಮ್ಮ ಎರಡನೇ ಮಾತಿಗೆ ತಲೆಯಾಡಿಸಲಾರೆ. ಜನ ಹೇಗೆ ಬದುಕುತ್ತಾರೆ ಎಂಬುದನ್ನು ಭಾಷೆಯ ವಂಶಾವಳಿ ನೋಡಿ ಹೇಳಲು ಆಗದು. ಅವರ ಮೇಲೆ ಯಾರು ದರ್ಬಾರು ಮಾಡಿದರು, ಯಾವ ಚರ್ಚು ಮದುವೆ ಮಾಡಿಸಿತು ಎಂದು ಕೇಳಿದರೆ ಜಾಸ್ತಿ ತಿಳಿಯುತ್ತದೆ.

ಹದಿಮೂರನೇ ಶತಮಾನದ ಶುರುವಿನಲ್ಲಿ ಜರ್ಮನ್ ಬಿಷಪ್ಪರೂ ಧರ್ಮಯುದ್ಧದ ಯೋಧರೂ ಈ ಕರಾವಳಿಗೆ ಬಂದರು. 1201ರಲ್ಲಿ ರೀಗಾ ಪಟ್ಟಣ, ಅಂದರೆ ಈಗಿನ ಲಾಟ್ವಿಯಾದ ರಾಜಧಾನಿ, ಹುಟ್ಟಿತು. ಮುಂದೆ ಸ್ವೀಡನ್ನಿನ ರಾಜ ಬಂದ, ರಷ್ಯಾದ ಚಕ್ರವರ್ತಿ ಬಂದ. ಆದರೆ ಹಳ್ಳಿಯ ಬಂಗಲೆಯಲ್ಲಿ ಕೂತ ಜಮೀನ್ದಾರ ಮಾತ್ರ ಜರ್ಮನ್ ಆಡುವವನೇ. ದಕ್ಷಿಣ ಎಸ್ಟೋನಿಯಾ ಮತ್ತು ಉತ್ತರ ಲಾಟ್ವಿಯಾ ಬಹುಕಾಲ ಲಿವೋನಿಯಾ ಎಂಬ ಒಂದೇ ಪ್ರಾಂತ್ಯವಾಗಿದ್ದವು. ಎರಡೂ ಕಡೆಯ ರೈತರು ಜಮೀನಿಗೆ ಅಂಟಿಕೊಂಡ ಜೀತದಾಳುಗಳು. 1816ರಿಂದ 1819ರೊಳಗೆ ಈ ಸೀಮೆಯ ಬಹುಭಾಗದಲ್ಲಿ ಜೀತ ರದ್ದಾಯಿತು. ಎರಡೂ ಕಡೆ ಲೂಥರನ್, ಅಂದರೆ ಪ್ರಾಟೆಸ್ಟೆಂಟ್ ಪಾದ್ರಿ, ಎರಡೂ ಕಡೆ ರೈ ಧಾನ್ಯದ ಕಪ್ಪು ರೊಟ್ಟಿ. ರೊಟ್ಟಿ ಕೆಳಗೆ ಬಿದ್ದರೆ ಎತ್ತಿ ಮುತ್ತಿಡುವುದು ಇಬ್ಬರ ಹಳೆಯ ರೂಢಿ. ನಮ್ಮ ಅಜ್ಜಿ ಬಿದ್ದ ಅನ್ನವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದುದು ನೆನಪಾಗುತ್ತದೆ.

ಈಗ ಲಿಥುವೇನಿಯಾ ನೋಡಿ. ಅದು ತಾನೇ ದೊಡ್ಡ ರಾಜ್ಯವಾಗಿತ್ತು. 1387ರಲ್ಲಿ ಕ್ರೈಸ್ತವಾಯಿತು. 1569ರಲ್ಲಿ ಪೋಲೆಂಡ್ ಜೊತೆ ಒಂದೇ ಸಂಯುಕ್ತ ರಾಜ್ಯ ಕಟ್ಟಿತು. ಹಾಗಾಗಿ ಕ್ಯಾಥೊಲಿಕ್ ಆಗಿ ಉಳಿಯಿತು. ಲಾಟ್ವಿಯಾದ ಪೂರ್ವಕ್ಕೆ ಲಾಟ್ಗಾಲೆ ಎಂಬ ಸೀಮೆ ಇದೆ. ಅದೂ ಪೋಲೆಂಡಿನ ಕೈಯಲ್ಲಿತ್ತು. ಅಲ್ಲಿ ಇವತ್ತಿಗೂ ಕ್ಯಾಥೊಲಿಕರು ಜಾಸ್ತಿ. ಒಂದೇ ದೇಶ, ಆದರೂ ಹಳೆಯ ಗಡಿ ಅಳಿಸಿಲ್ಲ.

ಹಾಡಿನ ವಿಷಯಕ್ಕೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಎಳೆದರೆ ಬೇಸರಪಡಬೇಡಿ. ಅಲ್ಲಿನ ಜರ್ಮನರು ಸಾಮೂಹಿಕ ಗಾಯನದ ಹಬ್ಬ ನಡೆಸುತ್ತಿದ್ದರು. ಅದನ್ನು ನೋಡಿದ ರೈತರ ಮಕ್ಕಳು ನಾವೂ ನಮ್ಮ ಭಾಷೆಯಲ್ಲಿ ಯಾಕೆ ಹಾಡಬಾರದು ಎಂದುಕೊಂಡರು. 1869ರಲ್ಲಿ ಎಸ್ಟೋನಿಯಾದ ತಾರ್ತು ಊರಿನಲ್ಲಿ ಮೊದಲ ಹಾಡುಹಬ್ಬ ನಡೆಯಿತು. ನಾಲ್ಕೇ ವರ್ಷಕ್ಕೆ, 1873ರಲ್ಲಿ, ರೀಗಾದಲ್ಲಿ ಲಾಟ್ವಿಯಾದವರ ಸರದಿ. ಲಿಥುವೇನಿಯಾದ ಮೊದಲ ಹಾಡುಹಬ್ಬ ನಡೆಯಲು 1924 ಬರಬೇಕಾಯಿತು. ಅಲ್ಲಿ 1864ರಿಂದ 1904ರವರೆಗೆ ರಷ್ಯಾದ ಸರ್ಕಾರ ಲಿಥುವೇನಿಯನ್ ಭಾಷೆಯನ್ನು ಲ್ಯಾಟಿನ್ ಅಕ್ಷರದಲ್ಲಿ ಅಚ್ಚು ಹಾಕುವುದನ್ನೇ ನಿಷೇಧಿಸಿತ್ತು. ಜನ ಪಕ್ಕದ ಪ್ರಶ್ಯಾದಿಂದ ಪುಸ್ತಕ ಕಳ್ಳಸಾಗಣೆ ಮಾಡುತ್ತಿದ್ದರು. ಪತ್ರಿಕೆ ನಡೆಸುವವನಾಗಿ ಆ ಕಳ್ಳರಿಗೆ ಇಲ್ಲಿಂದಲೇ ಒಂದು ಸಲಾಮು.

ಜನಪದ ಹಾಡು ಕೂಡಿಹಾಕಿದ ಇಬ್ಬರನ್ನೂ ಹೇಳಬೇಕು. ಲಾಟ್ವಿಯಾದ ಕ್ರಿಶ್ಯಾನಿಸ್ ಬಾರೊನ್ಸ್ ಸುಮಾರು 2,18,000 'ದೈನಾ'ಗಳನ್ನು ಜೋಡಿಸಿ 1894ರಿಂದ 1915ರವರೆಗೆ ಸಂಪುಟಗಳಾಗಿ ಅಚ್ಚು ಮಾಡಿಸಿದರು. ದೈನಾ ಎಂದರೆ ಹೆಚ್ಚಾಗಿ ನಾಲ್ಕೇ ಸಾಲಿನ ಹಾಡು. ಅವರು ಚೀಟಿಗಳನ್ನು ವಿಂಗಡಿಸಿಟ್ಟ ಮರದ ಬೀರು ಈಗಲೂ ಇದೆ, ಯುನೆಸ್ಕೊ ಪಟ್ಟಿಗೂ ಸೇರಿದೆ. ಎಸ್ಟೋನಿಯಾದಲ್ಲಿ ಯಾಕೊಬ್ ಹುರ್ಟ್ 1888ರಲ್ಲಿ "ಹಳೆಯ ಹಾಡು, ಕತೆ ಬರೆದು ಕಳಿಸಿ" ಎಂದು ಪತ್ರಿಕೆಯಲ್ಲಿ ಕರೆ ಕೊಟ್ಟರು. ಸಾವಿರಕ್ಕೂ ಹೆಚ್ಚು ಜನ ಕಳಿಸಿದರು. ಈ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಓದಿದ್ದು ಅದೇ ತಾರ್ತು ವಿಶ್ವವಿದ್ಯಾಲಯದಲ್ಲಿ, ಜರ್ಮನ್ ಭಾಷೆಯಲ್ಲಿ. ಮನೆಮಾತಲ್ಲಿ ಒಬ್ಬರಿಗೊಬ್ಬರು ಅರ್ಥವಾಗದವರು ಒಂದೇ ಪಾಠಶಾಲೆಯಿಂದ ಒಂದೇ ಹುಚ್ಚು ಹತ್ತಿಸಿಕೊಂಡು ಹೊರಬಂದರು.

ಫಿನ್ಲೆಂಡ್? ನೆಂಟಸ್ತಿಕೆ ಇದೆ, ಇಲ್ಲ ಎನ್ನುವುದಿಲ್ಲ. ಎಸ್ಟೋನಿಯಾ, ಫಿನ್ಲೆಂಡ್ ಎರಡರ ರಾಷ್ಟ್ರಗೀತೆಗೂ ಒಂದೇ ರಾಗ. 1848ರಲ್ಲಿ ಫ್ರೆಡ್ರಿಕ್ ಪಾಸಿಯುಸ್ ಹಾಕಿದ್ದು. ಸೋವಿಯತ್ ಕಾಲದಲ್ಲಿ ಎಸ್ಟೋನಿಯಾದಲ್ಲಿ ಆ ಗೀತೆ ಹಾಡುವಂತಿರಲಿಲ್ಲ. ಆದರೆ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ ಇರುವುದು ಎಸ್ಟೋನಿಯಾದ ರಾಜಧಾನಿ ತಾಲಿನ್ನಿನಿಂದ ಬರೀ 80 ಕಿಲೋಮೀಟರ್ ಆಚೆ. ಫಿನ್ನಿಶ್ ರೇಡಿಯೊ ಹಾಕಿದರೆ ರಾಗವಾದರೂ ಕಿವಿಗೆ ಬೀಳುತ್ತಿತ್ತು. ಸೌನಾ ಅಂತೂ ಇಬ್ಬರಿಗೂ ಪ್ರಾಣ. ಆದರೆ ಬಿಸಿ ಕೋಣೆಯಲ್ಲಿ ಕೂತು ಬರ್ಚ್ ಮರದ ಎಲೆಗೊಂಚಲಿನಿಂದ ಮೈಗೆ ಹೊಡೆದುಕೊಳ್ಳುವುದು ಲಾಟ್ವಿಯಾದಲ್ಲೂ ಇದೆ, ಅಲ್ಲಿ ಅದಕ್ಕೆ 'ಪಿರ್ತ್ಸ್' ಎನ್ನುತ್ತಾರೆ. ಇನ್ನೊಂದು ವಿಷಯ: ಫಿನ್ಲೆಂಡಿನ ರೈತ ಎಸ್ಟೋನಿಯಾದ ರೈತನಂತೆ ಯಾವತ್ತೂ ಜೀತದಲ್ಲಿರಲಿಲ್ಲ. ಅದು ಸಣ್ಣ ವ್ಯತ್ಯಾಸವಲ್ಲ.

ನಡುಬೇಸಿಗೆಯ ಹಬ್ಬವಾದ ಜೂನ್ 23ರ ರಾತ್ರಿ ಎಸ್ಟೋನಿಯಾ, ಲಾಟ್ವಿಯಾ ಎರಡರಲ್ಲೂ ಯಾರೂ ಮಲಗುವುದಿಲ್ಲ. ಗುಡ್ಡದ ಮೇಲೆ, ಹೊಲದಲ್ಲಿ ದೊಡ್ಡ ಬೆಂಕಿ. ಲಾಟ್ವಿಯಾದ ಗಂಡಸರ ತಲೆಗೆ ಓಕ್ ಎಲೆಯ ದಂಡೆ, ಕೈಯಲ್ಲಿ ಬಿಯರು, ಶಾಹಿಜೀರಿಗೆ ಹಾಕಿದ ಚೀಸು. ಜೋಡಿಗಳು ಜರಿಗಿಡದ ಹೂವು ಹುಡುಕುತ್ತೇವೆ ಎಂದು ಕಾಡಿಗೆ ಹೋಗುತ್ತಾರೆ, ಗಡಿಯ ಎರಡೂ ಕಡೆ. ಜರಿಗಿಡ ಹೂ ಬಿಡುವುದೇ ಇಲ್ಲ ಎಂದು ನೀವೇ ಮಕ್ಕಳಿಗೆ ಪಾಠ ಮಾಡಿರುತ್ತೀರಿ. ಅವರಿಗೂ ಗೊತ್ತು. ಸುಮ್ನೆ ಹೋಗುತ್ತಾರೆ.

ಹಾಗೆಂದು ಅಣ್ಣತಮ್ಮಂದಿರ ಹಾಗೆ ತಬ್ಬಿಕೊಂಡಿದ್ದಾರೆ ಅಂದುಕೊಳ್ಳಬೇಡಿ. ಎರಡೂ ದೇಶ ಸ್ವತಂತ್ರವಾದಾಗ ವಾಲ್ಗಾ ಎಂಬ ಊರು ತಮ್ಮದೆಂದು ಇಬ್ಬರೂ ಪಟ್ಟು ಹಿಡಿದರು. 1920ರಲ್ಲಿ ಸ್ಟೀಫನ್ ಟ್ಯಾಲೆಂಟ್ಸ್ ಎಂಬ ಬ್ರಿಟಿಷ್ ಅಧಿಕಾರಿ ಊರಿನ ನಡುವೆಯೇ ಗೆರೆ ಎಳೆದ. ಈಚೆ ವಾಲ್ಗಾ, ಆಚೆ ವಾಲ್ಕಾ. 2007ರ ಡಿಸೆಂಬರಿನಲ್ಲಿ ಗಡಿ ತಪಾಸಣೆ ನಿಂತಿತು. ಈಗ ಜನ ಸಂತೆಗೆ ಹೋದಂತೆ ಪರದೇಶಕ್ಕೆ ಹೋಗಿ ಬರುತ್ತಾರೆ. ಗೇಲಿ ಮಾತ್ರ ನಿಂತಿಲ್ಲ. ಲಾಟ್ವಿಯಾದವರ ಕಾಲಿಗೆ ಆರು ಬೆರಳು ಎಂದು ಎಸ್ಟೋನಿಯಾದವರು ನಗುತ್ತಾರೆ. ಎಸ್ಟೋನಿಯಾದವರಿಗೆ ಎಲ್ಲ ನಿಧಾನ ಎಂದು ಲಾಟ್ವಿಯಾದವರು ನಗುತ್ತಾರೆ. ಅಕ್ಕಪಕ್ಕದವರಲ್ಲದೆ ಇನ್ಯಾರು ಹೀಗೆ ಆಡಿಕೊಳ್ಳುತ್ತಾರೆ ಹೇಳಿ.

ಕೊನೆಗೆ ನಿಮ್ಮ ಭಾಷೆಯ ಲೆಕ್ಕಕ್ಕೇ ಬರುತ್ತೇನೆ. ಎಸ್ಟೋನಿಯನ್ನಿನಲ್ಲಿ 'ಲೌಲ್' ಎಂದರೆ ಹಾಡು, 'ಲೌಲತುಸ್' ಎಂದರೆ ಚರ್ಚಿನ ಮದುವೆ. ಲಾಟ್ವಿಯನ್ನಿನಲ್ಲಿ ಹಾಡಿಗೆ ಬೇರೆಯೇ ಪದ ಇದೆ, 'ದ್ಜಿಯೆಸ್ಮಾ'. ಆದರೆ ಮದುವೆಗೆ 'ಲೌಲೀಬಸ್'. ಅದು ಎಸ್ಟೋನಿಯನ್ನಿನ ಕಡೆಯ ಭಾಷೆಗಳಿಂದ ಬಂದ ಪದ. ಮೇಷ್ಟ್ರೇ, ನಿಮ್ಮ ಪಟ್ಟಿಯಲ್ಲಿ ಇದನ್ನು ಯಾರ ಪಕ್ಕ ಕೂರಿಸುತ್ತೀರಿ? ಮುಂದಿನ ಪತ್ರದಲ್ಲಿ ಬರೆಯಿರಿ, ಅಚ್ಚು ಹಾಕುತ್ತೇನೆ.

– ಸಂ.