ಜೇನು ಕೊನೆಗೆ ಹಚ್ಚಿ

ಜೇನು, ಸೋಯಾ ಹಚ್ಚಿ 200 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಪೋರ್ಕ್ ರಿಬ್ಸ್ ಮೇಲೆ ಕರಕಲು, ಒಳಗೆ ರಬ್ಬರ್ ಆಗೋದೇಕೆ ಅಂತ ಕೇಳಿದ್ದೀರಿ. ಮಾಂಸ ಮೆತ್ತಗಾಗುವ ಹೊತ್ತಿಗೆ ಜೇನಿನ ಸಕ್ಕರೆ ಸುಟ್ಟುಹೋಗಿರುತ್ತೆ, ಅಷ್ಟೇ.

ಒಂದು ಕೆಜಿಗೆ ಹೇಳ್ತೀನಿ. ಮೂಳೆಯ ಬದಿಯ ತೆಳು ಪೊರೆಯನ್ನು ಚಮಚದ ಹಿಡಿಯಿಂದ ಎಬ್ಬಿಸಿ, ಟಿಶ್ಯೂನಲ್ಲಿ ಹಿಡಿದು ಎಳೆಯಿರಿ, ಬರಿಗೈಗೆ ಜಾರುತ್ತೆ. ಶುಂಠಿ, ಬೆಳ್ಳುಳ್ಳಿ, ಅರ್ಧ ಚಮಚ ಫೈವ್ ಸ್ಪೈಸ್ (ಚೀನೀ ಮಸಾಲೆ ಪುಡಿ) ಸವರಿ, ಫಾಯಿಲ್ ಬಿಗಿಯಾಗಿ ಮುಚ್ಚಿ 150 ಡಿಗ್ರಿಯಲ್ಲಿ ಎರಡು ಗಂಟೆ ಬೇಯಿಸಿ. ಮಾಂಸ ಮೂಳೆಯ ತುದಿಯಿಂದ ಹಿಂದೆ ಸರಿದಿರಬೇಕು.

ಸೋಯಾ ಮೂರು ಚಮಚ, ಹಾಯ್ಸಿನ್ (ಸಿಹಿ-ಉಪ್ಪಿನ ದಪ್ಪ ಚೀನೀ ಸಾಸ್) ಮೂರು, ಜೇನು ಎರಡು, ವಿನೆಗರ್ ಒಂದು: ಚಮಚದ ಬೆನ್ನಿಗೆ ಅಂಟುವವರೆಗೆ ಕುದಿಸಿ. ಫಾಯಿಲ್ ತೆಗೆದು, 220 ಡಿಗ್ರಿಯಲ್ಲಿ ಐದು ನಿಮಿಷಕ್ಕೊಮ್ಮೆ ಮೂರು ಸಲ ಹಚ್ಚಿ. ಮೂರನೇ ಸಲ ಓವನ್ ಮುಂದಿಂದ ಕದಲಬೇಡಿ. ಬೇರೆ ಉಪ್ಪು ಬೇಡವೇ ಬೇಡ.